ಮೇಳವೂ ವಿಳಂಬವೂ

ಇಬ್ಬರು ಕೂಡಿ ಹಾಡುವುದೆಂದರೆ ಏನು? ಇಬ್ಬರೂ ಒಂದೇ ಗಳಿಗೆಯಲ್ಲಿ ಬಾಯಿ ತೆರೆಯುವುದೆ? ಹಾಗಾದರೆ ಸಂತೆಯಲ್ಲಿ ಅಕ್ಕಪಕ್ಕದಲ್ಲಿ ಕುಳಿತು ಕೂಗುವ ಇಬ್ಬರು ವ್ಯಾಪಾರಿಗಳೂ ಕೂಡಿ ಹಾಡಿದಂತೆಯೇ ಆಗಬೇಕು. ಇಬ್ಬರೂ ಒಂದೇ ಪದವನ್ನು ಹೇಳುವುದೆ? ಹಾಗಾದರೆ ಊರಿನ ಎರಡು ಗುಡಿಗಳಲ್ಲಿ ಒಂದೇ ಕೀರ್ತನೆಯನ್ನು ಬೇರೆಬೇರೆಯಾಗಿ ಹಾಡುವವರೂ ಒಂದು ಮೇಳವೆನಿಸಬೇಕು. ಈ ಎರಡು ಉತ್ತರಗಳೂ ಸಲ್ಲವು. ಕೂಡಿ ಹಾಡುವುದೆಂದರೆ, ತಾನು ಹಾಡುತ್ತಿರುವಾಗಲೇ ಮತ್ತೊಬ್ಬನನ್ನು ಕೇಳುವುದು. ಕೇಳಿದುದಕ್ಕೆ ತಕ್ಕಂತೆ ತನ್ನ ಮುಂದಿನ ಸ್ವರವನ್ನು ತಿದ್ದಿಕೊಳ್ಳುವುದು. ಆದುದರಿಂದ ಮೇಳದ ಜೀವ ಬಾಯಿಗಿಂತ ಹೆಚ್ಚಾಗಿ ಕಿವಿಯಲ್ಲಿದೆ. ಕಿವಿಗೆ ದನಿ ತಲುಪಲು ಕಾಲ ಬೇಕು. ಆ ಕಾಲವು ಬೆಳೆದರೆ ಏನಾಗುತ್ತದೆ, ಆ ತಡವನ್ನು ಯಾರು ಹೊರಬೇಕು ಎಂಬುದೇ ಪ್ರಕೃತ ಲೇಖನದ ವಿಷಯ.

ಪ್ರಶ್ನೆಯು ಮೇಲ್ನೋಟಕ್ಕೆ ಯಂತ್ರದ ಕೆಲಸದವರಿಗೆ ಸೇರಿದ್ದೆಂದು ತೋರಬಹುದು. ಆದರೆ 2020ರ ಮಾರ್ಚ್ ತಿಂಗಳಲ್ಲಿ ಮಹಾಮಾರಿಯ ನಿಮಿತ್ತ ಶಾಲೆಗಳೂ ಗುಡಿಗಳೂ ಮುಚ್ಚಿದ ಮೇಲೆ ಈ ಪ್ರಶ್ನೆ ಎಲ್ಲರ ಮನೆಯ ಬಾಗಿಲಿಗೂ ಬಂತು. ಅದೇ ವರ್ಷದ ಸೆಪ್ಟೆಂಬರ್ 1ರಿಂದ ತೆಲಂಗಾಣದ ಶಾಲಾಮಕ್ಕಳಿಗೆ ದೂರದರ್ಶನ, ಟಿ-ಸ್ಯಾಟ್‌ಗಳ ಮೂಲಕ ಪಾಠಗಳು ಮೊದಲಾದವು. ಮೊಬೈಲಿನಲ್ಲಿ ತರಗತಿಗಳು ನಡೆದವು. ಲೆಕ್ಕದ ಪಾಠ ಹೇಗೋ ಸಾಗಿತು, ವ್ಯಾಕರಣವೂ ಸಾಗಿತು. ಮಕ್ಕಳೆಲ್ಲರೂ ಒಟ್ಟಿಗೆ ಪ್ರಾರ್ಥನೆ ಹಾಡಬೇಕೆಂದಾಗ ಮಾತ್ರ ಇಡೀ ವ್ಯವಸ್ಥೆ ಮುಗ್ಗರಿಸಿತು. ಒಬ್ಬನ ದನಿ ಮುಂದೆ, ಒಬ್ಬಳ ದನಿ ಹಿಂದೆ. ಕೆಲವರ ದನಿಯನ್ನು ಯಂತ್ರವೇ ಗದ್ದಲವೆಂದು ಬಗೆದು ಅಳಿಸಿಬಿಡುತ್ತಿತ್ತು. ಮಾತಿಗೆ ಸಾಕಾದ ಸಲಕರಣೆ ಹಾಡಿಗೆ ಸಾಲದಾಯಿತು. ಏತಕ್ಕೆಂದರೆ ಮಾತು ಸರದಿಯಿಂದ ನಡೆಯುತ್ತದೆ, ಒಬ್ಬನು ಮುಗಿಸಿದ ಮೇಲೆ ಮತ್ತೊಬ್ಬನು ಆರಂಭಿಸುತ್ತಾನೆ. ಹಾಡಿನ ಮೇಳಕ್ಕೆ ಸರದಿಯಿಲ್ಲ. ಅಲ್ಲಿ ಎಲ್ಲರದೂ ಒಂದೇ ಕಾಲ.

ಮೊದಲು ವಿಷಯದ ಭೌತಿಕ ಸ್ವರೂಪವನ್ನು ತಿಳಿಯೋಣ. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 345 ಮೀಟರು ನಡೆಯುತ್ತದೆ. ಎಂದರೆ ಒಂದು ಮೀಟರು ದಾಟಲು ಸೆಕೆಂಡಿನ ಸಾವಿರದ ಮೂರು ಪಾಲು, ಮೂರು ಮಿಲಿಸೆಕೆಂಡು ಬೇಕು. ಭಜನೆಯ ಪಡಸಾಲೆಯಲ್ಲಿ ತಾಳದವನಿಗೂ ಮದ್ದಳೆಯವನಿಗೂ ಆರು ಮೀಟರು ಅಂತರವಿದ್ದರೆ ಒಬ್ಬನ ಪೆಟ್ಟು ಮತ್ತೊಬ್ಬನಿಗೆ ಹದಿನೇಳು ಹದಿನೆಂಟು ಮಿಲಿಸೆಕೆಂಡು ತಡವಾಗಿ ಕೇಳುತ್ತದೆ. ಇದನ್ನು ಯಾರೂ ಗಮನಿಸುವುದಿಲ್ಲ. ಹೀಗೆ ನೋಡಿದರೆ ವಿಳಂಬವಿಲ್ಲದ ಮೇಳವೆಂಬುದು ಲೋಕದಲ್ಲಿ ಎಂದೂ ಇರಲಿಲ್ಲ. ತಡವು ಸುಮಾರು 25ರಿಂದ 30 ಮಿಲಿಸೆಕೆಂಡಿನ ಎಲ್ಲೆಯನ್ನು ಮೀರಿದಾಗ ಮಾತ್ರ ಲಯವು ಕದಡತೊಡಗುತ್ತದೆ.

ಇನ್ನು ದೂರದ ಮೇಳದ ಮಾತು. ನಾರಾಯಣಪೇಟೆಗೂ ಗದ್ವಾಲಿಗೂ ನೇರಗೆರೆ ಎಳೆದರೆ ಎಪ್ಪತ್ತು ಕಿಲೋಮೀಟರಿಗಿಂತ ಹೆಚ್ಚಾಗದು. ನಡುವೆ ಮಕ್ತಲ್ ಇದೆ, ಕೃಷ್ಣೆ ಇದೆ. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2,00,000 ಕಿಲೋಮೀಟರು ಓಡುತ್ತದೆ. ಆ ಲೆಕ್ಕದಲ್ಲಿ ಈ ಎಪ್ಪತ್ತು ಕಿಲೋಮೀಟರನ್ನು ದಾಟಲು ಒಂದು ಮಿಲಿಸೆಕೆಂಡಿನ ಮೂರನೆಯ ಒಂದು ಪಾಲು ಸಾಕು. ಗಾಳಿಯಲ್ಲಿ ಶಬ್ದವು ಅಷ್ಟು ಕಾಲದಲ್ಲಿ ನಡೆಯುವ ದೂರ ಅರ್ಧ ಗೇಣು! ಸಂದೇಶವು ನೇರವಾಗಿ ಹೋಗದೆ ಹೈದರಾಬಾದಿಗೆ ಹೋಗಿ ಹಿಂದಿರುಗಿದರೂ ತಂತಿಯ ಪ್ರಯಾಣಕ್ಕೆ ಎರಡು ಮಿಲಿಸೆಕೆಂಡು ಹಿಡಿದೀತು. ಶಬ್ದದ ಲೆಕ್ಕದಲ್ಲಿ ಅದು ಒಂದೂವರೆ ಮೊಳ. ಹೀಗಿರುವಲ್ಲಿ ನಾರಾಯಣಪೇಟೆಯ ಹುಡುಗನೂ ಗದ್ವಾಲದ ಹುಡುಗಿಯೂ ಒಂದೇ ಚಾಪೆಯ ಮೇಲೆ ಕುಳಿತಷ್ಟು ಹತ್ತಿರವಾಗಬೇಕಿತ್ತು. ಹಾಗಾಗುವುದಿಲ್ಲವೆಂದ ಮೇಲೆ ತಪ್ಪು ದೂರದ್ದಲ್ಲ. ಮತ್ತೆ ಯಾರದು?

ತಡವು ದಾರಿಗಿಂತ ಹೆಚ್ಚಾಗಿ ದಾರಿಯ ಕಟ್ಟೆಗಳಲ್ಲಿ ಹುಟ್ಟುತ್ತದೆ. ಯಂತ್ರವು ದನಿಯನ್ನು ಸೆಕೆಂಡಿಗೆ 48,000 ತುಣುಕುಗಳಂತೆ ಅಳೆದು, ಕಂತೆಕಟ್ಟಿ ಕಳಿಸುತ್ತದೆ. ಕಂತೆಗೆ 1,024 ತುಣುಕುಗಳಾದರೆ ಅದು ತುಂಬುವವರೆಗೆ 21 ಮಿಲಿಸೆಕೆಂಡು ಕಾಯಬೇಕು. 128 ತುಣುಕುಗಳಾದರೆ ಮೂರು ಮಿಲಿಸೆಕೆಂಡೂ ಬೇಡ. ತಂತಿಯಿಲ್ಲದ ಬ್ಲೂಟೂತ್ ಹೆಡ್‌ಫೋನು ತಾನೊಂದೇ ನೂರು ಇನ್ನೂರು ಮಿಲಿಸೆಕೆಂಡನ್ನು ನುಂಗುವುದುಂಟು. ಮನೆಯ ವೈಫೈ, ಮೊಬೈಲಿನ ಗೋಪುರ ಇವು ಹತ್ತಾರು ಮಿಲಿಸೆಕೆಂಡನ್ನು ಸೇರಿಸುವುದಲ್ಲದೆ, ಒಂದು ಕಂತೆಯನ್ನು ಬೇಗ, ಮತ್ತೊಂದನ್ನು ತಡವಾಗಿ ತಲುಪಿಸುತ್ತವೆ. ಸಭೆಗಳಿಗಾಗಿ ಮಾಡಿದ ವ್ಯವಸ್ಥೆಗಳು ಗದ್ದಲವನ್ನು ಸೋಸಲೆಂದು, ಚಿತ್ರದೊಂದಿಗೆ ದನಿಯನ್ನು ಹೊಂದಿಸಲೆಂದು ಇನ್ನಷ್ಟು ಕಾಲ ತೆಗೆದುಕೊಳ್ಳುತ್ತವೆ. ಆದಿತಾಳವನ್ನು ನಿಮಿಷಕ್ಕೆ 80 ಎಣಿಕೆಯಲ್ಲಿ ಹಾಕಿದರೆ ಒಂದು ಎಣಿಕೆಗೆ 750 ಮಿಲಿಸೆಕೆಂಡು. ಅದನ್ನು ನಾಲ್ಕಾಗಿ ಒಡೆದರೆ ಒಂದೊಂದು ಪಾಲಿಗೆ 190ರಷ್ಟು. ತಡವು ಅಷ್ಟಾದರೆ ಗೆಳೆಯನ ಹಾಡು ನನಗೆ ಒಂದು ಪಾಲು ಹಿಂದೆ ಕೇಳುತ್ತದೆ. ಅವನು ನನ್ನನ್ನು ಕೇಳಿಯೇ ಹಾಡುವವನಾದರೆ ಎರಡು ಪಾಲು ಹಿಂದೆ.

ಈ ಕಟ್ಟೆಗಳನ್ನು ಕಡಿಮೆ ಮಾಡುವ ಉಪಾಯಗಳು ಉಂಟು, ಅವು ದುಬಾರಿಯೂ ಅಲ್ಲ. ವೈಫೈ ಬಿಟ್ಟು ತಂತಿಯಿಂದ ಜೋಡಿಸುವುದು, ತಂತಿಯ ಹೆಡ್‌ಫೋನನ್ನೇ ಬಳಸುವುದು, ಕಂತೆಯನ್ನು ಚಿಕ್ಕದಾಗಿಸುವುದು, ಚಿತ್ರವನ್ನು ಬಿಟ್ಟು ದನಿಯನ್ನಷ್ಟೇ ಕಳಿಸುವುದು, ಹತ್ತಿರದ ಊರಿನ ಸರ್ವರನ್ನು ಆರಿಸುವುದು, ಇಷ್ಟನ್ನು ಮಾಡಿದರೇ ಅರ್ಧ ಕೆಲಸ ಆದಂತೆ. ಸಂಗೀತಕ್ಕೆಂದೇ ಮಾಡಿದ ಜಾಮ್ಯುಲಸ್, ಸೊನೊಬಸ್, ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಜ್ಯಾಕ್‌ಟ್ರಿಪ್ ಮೊದಲಾದ ಸಾಧನಗಳು ಹಣ ತೆರದೆಯೇ ಸಿಗುತ್ತವೆ. ಆದರೆ ಎಲ್ಲ ಉಪಾಯಗಳೂ ಮುಗಿದ ಮೇಲೆ ಒಂದು ಕಟ್ಟೆ ಉಳಿಯುತ್ತದೆ. ಅಲ್ಲಿಯೇ ನೀತಿಯ ಪ್ರಶ್ನೆ ಇರುವುದು. ಕಂತೆಗಳು ಏರುಪೇರಾಗಿ ಬರುವುದರಿಂದ, ಕೇಳುವ ತುದಿಯ ಯಂತ್ರವು ಬಂದವುಗಳನ್ನು ಒಂದು ಬುಟ್ಟಿಯಲ್ಲಿ ಹಿಡಿದಿಟ್ಟು, ಹಿಂದೆ ಬಿದ್ದವುಗಳಿಗಾಗಿ ಸ್ವಲ್ಪ ಕಾಯುತ್ತದೆ. ಬುಟ್ಟಿ ದೊಡ್ಡದಾದಷ್ಟೂ ಯಾರ ದನಿಯೂ ತುಂಡಾಗದು, ಆದರೆ ಎಲ್ಲರಿಗೂ ತಡವಾಗುತ್ತದೆ. ಬುಟ್ಟಿ ಚಿಕ್ಕದಾದಷ್ಟೂ ಮೇಳವು ಚುರುಕಾಗುತ್ತದೆ, ಆದರೆ ಹಿಂದೆ ಬಿದ್ದ ಕಂತೆಗಳನ್ನು ಯಂತ್ರವು ಬಿಸುಟುಬಿಡುತ್ತದೆ. ಎಂದರೆ, ದುರ್ಬಲವಾದ ಸಂಪರ್ಕವುಳ್ಳವನ ದನಿ ಹರಿದು ಚಿಂದಿಯಾಗುತ್ತದೆ. ಬುಟ್ಟಿಯ ಗಾತ್ರ ಎಷ್ಟಿರಬೇಕೆಂಬುದನ್ನು ಗಣಿತವು ತೀರ್ಮಾನಿಸಲಾರದು. ಅದು ನಾವು ಯಾರನ್ನು ಮೇಳದಲ್ಲಿ ಇಟ್ಟುಕೊಳ್ಳಬಯಸುತ್ತೇವೆ ಎಂಬುದರ ಮೇಲೆ ನಿಂತಿದೆ.

ಸಹೃದಯನಾದವನು ಥಟ್ಟನೆ ಹೇಳಬಹುದು: ‘ಕಾಯುವುದೇ ಧರ್ಮ, ಪ್ರತಿಯೊಬ್ಬನೂ ಮತ್ತೊಬ್ಬನಿಗಾಗಿ ಕಾಯಲಿ.’ ಈ ಉತ್ತರವು ಕೇಳಲು ಹಿತವಾದರೂ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಕ್ರಿಸ್ ಚೇಫ್ ಮತ್ತು ಅವರ ಸಹೋದ್ಯೋಗಿಗಳು ಇಬ್ಬಿಬ್ಬರನ್ನು ಬೇರೆಬೇರೆ ಕೋಣೆಗಳಲ್ಲಿ ಕೂರಿಸಿ, ನಡುವಿನ ತಡವನ್ನು ಹೆಚ್ಚುಕಡಿಮೆ ಮಾಡುತ್ತ, ಒಟ್ಟಿಗೆ ಚಪ್ಪಾಳೆ ತಟ್ಟಿಸಿದ ಪ್ರಯೋಗದ ಫಲ 2010ರಲ್ಲಿ ಪ್ರಕಟವಾಯಿತು. ತಡವು ಹೆಚ್ಚಾದಾಗ ಚಪ್ಪಾಳೆಯ ವೇಗ ಕುಗ್ಗುತ್ತ ಹೋಯಿತು. ಕಾರಣ ಸರಳ: ನನ್ನ ಪೆಟ್ಟು ನಿನಗೆ ತಡವಾಗಿ ಕೇಳುತ್ತದೆ, ನೀನು ನನಗಾಗಿ ನಿಧಾನಿಸುತ್ತೀಯೆ, ನಿಧಾನಿಸಿದ ನಿನ್ನ ಪೆಟ್ಟು ನನಗೆ ಇನ್ನೂ ತಡವಾಗಿ ಕೇಳುತ್ತದೆ, ನಾನು ನಿನಗಾಗಿ ನಿಧಾನಿಸುತ್ತೇನೆ. ಇಬ್ಬರ ಸೌಜನ್ಯವೇ ಹಾಡನ್ನು ಕೊಲ್ಲುತ್ತದೆ. ಅಚ್ಚರಿಯೆಂದರೆ, ತಡವು ಹತ್ತು ಮಿಲಿಸೆಕೆಂಡಿಗಿಂತ ಕಡಿಮೆಯಾದಾಗ ವೇಗವು ಏರುತ್ತ ಹೋಯಿತು! ತೀರ ಹತ್ತಿರವಾದವರು ಒಬ್ಬರನ್ನೊಬ್ಬರು ಓಡಿಸುತ್ತಾರೆ. ತೀರ ದೂರವಾದವರು ಒಬ್ಬರನ್ನೊಬ್ಬರು ಎಳೆಯುತ್ತಾರೆ.

ಅಧ್ಯಾಪಕ ಮಿತ್ರರು ಇದನ್ನು ಶಾಲೆಯ ಬಯಲಿನಲ್ಲಿಯೇ ಮಾಡಿ ತೋರಿಸಬಹುದು. ಇಬ್ಬರು ವಿದ್ಯಾರ್ಥಿಗಳನ್ನು 34 ಮೀಟರು ಅಂತರದಲ್ಲಿ ಬೆನ್ನುತಿರುಗಿಸಿ ನಿಲ್ಲಿಸಿರಿ. ನಡುವಿನ ತಡ ಸೆಕೆಂಡಿನ ಹತ್ತನೆಯ ಒಂದು ಪಾಲಾಯಿತು. ಕೇಳಿದ ಸದ್ದಿಗೆ ಸರಿಯಾಗಿ ಇಬ್ಬರೂ ಕೂಡಿ ಚಪ್ಪಾಳೆ ತಟ್ಟಲಿ. ಮೂರನೆಯವನು ಗಡಿಯಾರ ಹಿಡಿದು, ಮೊದಲ ಹತ್ತು ಚಪ್ಪಾಳೆಗೆ ಎಷ್ಟು ಕಾಲ, ಮುಂದಿನ ಹತ್ತಕ್ಕೆ ಎಷ್ಟು ಕಾಲ ಎಂದು ಬರೆದುಕೊಳ್ಳಲಿ. ಅನಂತರ ಅವರನ್ನು ಮೂರು ಮೀಟರಿಗೆ ತಂದು ಮತ್ತೆ ಅಳೆಯಲಿ. ಭೌತಶಾಸ್ತ್ರದ ಪಾಠವೂ ನೀತಿಪಾಠವೂ ಒಂದೇ ಗಂಟೆಯಲ್ಲಿ ಆಗುವುದು.

ಹಾಗಾದರೆ ಕಾಯಲೇಬಾರದೆ? ಒಬ್ಬನು ಯಾರನ್ನೂ ಕೇಳದೆ ತನ್ನ ಲಯವನ್ನು ತಾನು ಹಿಡಿದು ಹೋಗಲಿ, ಉಳಿದವರು ಅವನನ್ನು ಹಿಂಬಾಲಿಸಲಿ ಎಂದರೆ ಲಯವೇನೋ ಉಳಿಯುತ್ತದೆ. ಹಿಂಬಾಲಿಸುವವರಿಗೆ ತಾವು ಅವನೊಂದಿಗೆ ಸರಿಯಾಗಿ ಹಾಡಿದೆವೆಂಬ ತೃಪ್ತಿಯೂ ಉಂಟು. ಆದರೆ ಮುಂದಾಳಿಗೆ ಅವರೆಲ್ಲರೂ ತಡವಾಗಿಯೇ ಕೇಳುತ್ತಾರೆ. ಅವನು ಕಿವಿ ಮುಚ್ಚಿಕೊಂಡೇ ಹಾಡಬೇಕು. ತಡವು ಇಲ್ಲವಾಗಲಿಲ್ಲ, ಎಲ್ಲವೂ ಅವನೊಬ್ಬನ ಕಿವಿಗೆ ಹೋಗಿ ಸೇರಿತು, ಅಷ್ಟೆ. ಇನ್ನೊಂದು ಮಾರ್ಗವು 2020ರಲ್ಲಿ ಬಹಳ ಕಡೆ ನಡೆಯಿತು: ಎಲ್ಲರೂ ಒಂದೇ ತಾಳದ ಮುದ್ರಿಕೆಯನ್ನು ಕೇಳುತ್ತ ಮನೆಯಲ್ಲಿ ಒಬ್ಬೊಬ್ಬರೇ ಹಾಡಿ ಕಳಿಸಿದರು, ಒಬ್ಬನು ಎಲ್ಲವನ್ನೂ ಹೊಂದಿಸಿ ಮೇಳಗೀತವನ್ನಾಗಿ ಮಾಡಿದನು. ಕೇಳುವವನಿಗೆ ಅದು ಸೊಗಸು. ಹಾಡಿದವರಾದರೋ ಒಬ್ಬರನ್ನೊಬ್ಬರು ಕೇಳಲೇ ಇಲ್ಲ. ಮಾಲೆಯು ಒಂದಾಯಿತು, ಹೂಗಳು ಒಂದೇ ಗಿಡದಲ್ಲಿ ಅರಳಲಿಲ್ಲ.

ಈ ಸಂದರ್ಭದಲ್ಲಿ ಗದ್ವಾಲದ ಮಗ್ಗವು ನೆನಪಾಗುತ್ತದೆ. ಗದ್ವಾಲದ ಸೀರೆಗೆ ಒಡಲು ಹತ್ತಿಯದು, ಅಂಚು ರೇಷ್ಮೆಯದು. ಒಡಲಿಗೊಂದು, ಎರಡು ಅಂಚುಗಳಿಗೆ ಒಂದೊಂದು, ಹೀಗೆ ಮೂರು ಲಾಳಿಗಳು ಓಡಿ, ಹೊಕ್ಕಿನ ಎಳೆಗಳು ಸಂದಿನಲ್ಲಿ ಒಂದನ್ನೊಂದು ಹೆಣೆದುಕೊಳ್ಳುತ್ತವೆ. ಬೇರೆಬೇರೆ ಜಾತಿಯ ನೂಲುಗಳು ಕೂಡುವ ಆ ಸಂದಿನಲ್ಲಿಯೇ ನೇಕಾರನ ಜಾಣ್ಮೆಯೆಲ್ಲ. ಆದರೆ ಅವನಿಗೆ ಒಂದು ಸೌಕರ್ಯವುಂಟು: ಒಂದು ಲಾಳಿ ತಡವಾದರೆ ಉಳಿದ ಎರಡು ನಿಲ್ಲಬಹುದು. ಸಂಜೆ ಬಿಟ್ಟ ಸೀರೆಯನ್ನು ಮರುದಿನ ಮುಂದುವರಿಸಿದರೆ ಅಂಚಿಗೆ ಯಾವ ಕುಂದೂ ಇಲ್ಲ. ನೆಯ್ಗೆ ಕಾಯಬಲ್ಲದು, ಪತ್ರ ಕಾಯಬಲ್ಲದು, ಪುಸ್ತಕ ಕಾಯಬಲ್ಲದು. ತಾಳ ಮಾತ್ರ ಕಾಯಲಾರದು. ಕಾಲವನ್ನೇ ನೂಲಾಗಿ ಮಾಡಿಕೊಂಡ ಕಲೆಗೆ ತಡವು ಹೊರಗಿನ ತೊಡಕಲ್ಲ, ನೂಲಿನಲ್ಲಿಯೇ ಬಿದ್ದ ಗಂಟು.

ಆದರೂ ಹಾಡುವ ರೀತಿಗಳಲ್ಲಿ ಕೆಲವು ಈ ಗಂಟನ್ನು ಸಹಿಸಬಲ್ಲವು ಎಂಬುದನ್ನು ನಮ್ಮ ಸೀಮೆಯವರು ಬಲ್ಲರು. ಹರಿದಾಸರ ಪದಗಳು ಕೃಷ್ಣೆ ತುಂಗಭದ್ರೆಗಳ ನಡುವಣ ಊರುಗಳಲ್ಲಿ ತಲೆಮಾರುಗಳಿಂದ ನಿಂತಿವೆ. ಐಜೆಯ ಬಳಿಯ ಉತ್ತನೂರು ಗೋಪಾಲದಾಸರ ಹೆಸರಿನೊಂದಿಗೆ ಕೂಡಿಕೊಂಡ ಊರು. ಭಜನೆಯಲ್ಲಿ ಒಬ್ಬನು ಸಾಲನ್ನು ಹೇಳಿಕೊಡುತ್ತಾನೆ, ಉಳಿದವರು ಅದನ್ನು ಎತ್ತಿಕೊಳ್ಳುತ್ತಾರೆ. ಎರಡು ಸಾಲುಗಳ ನಡುವೆ ಉಸಿರಿನಷ್ಟು ಬಿಡುವನ್ನು ಇಟ್ಟರೆ, ದೂರದಿಂದ ತಡವಾಗಿ ಬಂದ ದನಿಯೂ ತನ್ನ ಎಡೆಯಲ್ಲಿ ಬಂದು ಕೂರುತ್ತದೆ. ಕಡಲಾಚೆಯ ಕನ್ನಡ ಮನೆಗಳ ಮಕ್ಕಳಿಗೆ ಇಲ್ಲಿಂದ ಪಾಠ ಹೇಳುವ ಸಂಗೀತದ ಗುರುಗಳೂ ಇದನ್ನೇ ಮಾಡುತ್ತಾರೆ. ಇಲ್ಲಿಂದ ಅಮೆರಿಕದ ಪಶ್ಚಿಮ ತೀರಕ್ಕೆ ಸುಮಾರು 14,000 ಕಿಲೋಮೀಟರು. ಬೆಳಕು ತಂತಿಯಲ್ಲಿ ನೇರವಾಗಿ ಓಡಿದರೂ ಎಪ್ಪತ್ತು ಮಿಲಿಸೆಕೆಂಡು ಬೇಕು, ಅದನ್ನು ಯಾವ ಯಂತ್ರವೂ ತಗ್ಗಿಸಲಾರದು. ಆದುದರಿಂದ ಗುರುವು ಶಿಷ್ಯನೊಂದಿಗೆ ತಾಳ ಹಾಕುವ ಹಂಬಲವನ್ನು ಬಿಡುತ್ತಾನೆ. ಶ್ರುತಿಯೂ ತಾಳವೂ ಶಿಷ್ಯನ ಬಳಿಯಲ್ಲಿಯೇ ಇರುತ್ತವೆ. ಗುರು ಹಾಡಿ ನಿಲ್ಲುತ್ತಾನೆ, ಶಿಷ್ಯ ಹಾಡಿ ನಿಲ್ಲುತ್ತಾನೆ. ನಿಂಜಾಮ್ ಎಂಬ ಇನ್ನೊಂದು ಸಾಧನವು ಇನ್ನೂ ದಿಟ್ಟತನದಿಂದ, ತಡವನ್ನು ಕಡಿಮೆ ಮಾಡುವ ಬದಲು ಪೂರ್ತಿ ಒಂದು ಸುತ್ತಿಗೇ ಹೆಚ್ಚಿಸುತ್ತದೆ. ಪ್ರತಿಯೊಬ್ಬನೂ ಇತರರ ಕಳೆದ ಸುತ್ತನ್ನು ಕೇಳುತ್ತ ತನ್ನ ಈ ಸುತ್ತನ್ನು ನುಡಿಸುತ್ತಾನೆ. ಸುತ್ತಿನ ಅಳತೆ ಒಂದೇ ಆದುದರಿಂದ ಲಯವು ಕೆಡುವುದಿಲ್ಲ.

ಇಲ್ಲಿಯವರೆಗಿನ ವಿಚಾರದಿಂದ ಮೂರು ಮಾತುಗಳು ಹೊರಡುತ್ತವೆ. ಒಂದು, ಕಳೆಯಬಹುದಾದ ತಡವನ್ನು ಕಳೆಯುವುದು ಪ್ರತಿಯೊಬ್ಬನ ಕರ್ತವ್ಯ. ಒಂದು ತಂತಿಯನ್ನು ಸಿಕ್ಕಿಸಿದರೆ ತಪ್ಪುವ ತೊಂದರೆಯನ್ನು ಇತರರ ಕಿವಿಯ ಮೇಲೆ ಹೇರುವುದು ಸೋಮಾರಿತನವಲ್ಲದೆ ಬೇರಲ್ಲ. ಎರಡು, ಕಳೆಯಲಾಗದ ತಡವನ್ನು ಒಪ್ಪಿ, ಎಲ್ಲರೂ ಹೊರುವಂತೆ ಹಾಡಿನ ರೀತಿಯನ್ನೇ ಮಾರ್ಪಡಿಸಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ದಾರಿಯಲ್ಲಿ ಆದ ತಡವನ್ನು ಹಾಡಿದವನ ಲೆಕ್ಕಕ್ಕೆ ಬರೆಯಬಾರದು. ತಡವಾಗಿ ಕೇಳಿಸಿದವನು ತಡವಾಗಿ ಹಾಡಿದವನಲ್ಲ. ಅವನ ಕೋಣೆಯಲ್ಲಿ ಅವನ ತಾಳ ಸರಿಯಾಗಿಯೇ ಇತ್ತು. ನಮಗೆ ಕಿವಿಯೊಂದೇ ಸಾಕ್ಷಿಯಾದುದರಿಂದ ‘ಇವನಿಗೆ ಲಯಜ್ಞಾನವಿಲ್ಲ’ ಎಂದುಬಿಡುವುದು ಸುಲಭ. ಸುಲಭವಾದುದೆಲ್ಲ ನ್ಯಾಯವಾಗದು.

‘ಹಾಗಾದರೆ ನಿಜವಾಗಿಯೂ ತಡವಾಗಿ ಹಾಡುವವರೇ ಇಲ್ಲವೆ?’ ಎಂದು ಯಾರಾದರೂ ಕೇಳಬಹುದು. ಇದ್ದಾರೆ. ದಾರಿಯ ತಡವನ್ನು ನೆವಮಾಡಿಕೊಂಡು ಅಭ್ಯಾಸವನ್ನು ಬಿಟ್ಟವರೂ ಇರಬಹುದು. ಆದುದರಿಂದಲೇ ಅಳತೆ ಬೇಕು. ದಾರಿ ಎಷ್ಟು ತಿಂದಿತು ಎಂಬುದನ್ನು ಮೊದಲು ಕಳೆದು, ಉಳಿದದ್ದನ್ನು ಮಾತ್ರ ಹಾಡುಗಾರನಿಂದ ಕೇಳುವುದು ವಿವೇಕ. ಕನಿಕರದಿಂದ ಎಲ್ಲವನ್ನೂ ಮನ್ನಿಸುವುದೂ, ಕೋಪದಿಂದ ಎಲ್ಲವನ್ನೂ ಹೊರಿಸುವುದೂ, ಎರಡೂ ಅಳೆಯದೆ ಆಡಿದ ಮಾತುಗಳೇ.

ಈ ಮೂರನೆಯ ಮಾತು ಹಾಡಿನ ಎಲ್ಲೆಯನ್ನು ದಾಟಿ ನಮ್ಮ ತರಗತಿಯೊಳಕ್ಕೂ ಬರುತ್ತದೆ. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ, ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ, ಆಲಂಪುರ ತಾಲೂಕುಗಳು ಮಹಬೂಬನಗರಕ್ಕೆ ಸೇರಿದವು. ನಾರಾಯಣಪೇಟೆ, ಮಕ್ತಲ್‌ಗಳು ಮೊದಲೇ ಅಲ್ಲಿದ್ದವು. 2016ರಲ್ಲಿ ಗದ್ವಾಲವೂ 2019ರಲ್ಲಿ ನಾರಾಯಣಪೇಟೆಯೂ ಬೇರೆ ಜಿಲ್ಲೆಗಳಾದವು. ಗೆರೆಗಳು ಬದಲಾದರೂ ಮನೆಯ ಮಾತು ಹಲವರಿಗೆ ಕನ್ನಡವಾಗಿಯೇ ಉಳಿಯಿತು. ಈ ಸೀಮೆಯ ಮಗುವು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಉರ್ದು ಕೇಳುತ್ತ ಬೆಳೆಯುತ್ತದೆ. ಮುಂದೆ ಕಾಲೇಜಿನಲ್ಲಿಯೋ ಕಚೇರಿಯಲ್ಲಿಯೋ ಒಂದು ಪ್ರಶ್ನೆ ಬೇರೆ ಭಾಷೆಯಲ್ಲಿ ಬಂದಾಗ ಅದು ಮನಸ್ಸಿನ ಎರಡು ಕಟ್ಟೆಗಳನ್ನು ದಾಟಬೇಕು: ಕೇಳಿದುದನ್ನು ಕನ್ನಡಕ್ಕೆ ತರಬೇಕು, ಕನ್ನಡದಲ್ಲಿ ಹೊಳೆದುದನ್ನು ಮತ್ತೆ ಅತ್ತ ಒಯ್ಯಬೇಕು. ಹೋಗುವ ತಡ ಒಂದು, ಬರುವ ತಡ ಒಂದು. ಅಷ್ಟರಲ್ಲಿ ಕೇಳಿದವನು ‘ಹುಡುಗ ಮಂದ’ ಎಂದು ತೀರ್ಮಾನಿಸಿ ಮುಂದಿನವನ ಕಡೆ ತಿರುಗಿರುತ್ತಾನೆ. ಬುಟ್ಟಿ ಚಿಕ್ಕದಾಯಿತು, ಕಂತೆ ಬಂದು ತಲುಪುವ ಮೊದಲೇ ಅದನ್ನು ಬಿಸುಟದ್ದಾಯಿತು.

ಇದು ಪರಊರಿನ ಕಚೇರಿಯಲ್ಲಿ ಮಾತ್ರ ನಡೆಯುವುದೆಂದು ನಾವು ಸಮಾಧಾನಪಡುವಂತಿಲ್ಲ. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ತರಗತಿಗಳನ್ನು ಪರಿಶೀಲಿಸಿ, ಉಪಾಧ್ಯಾಯರು ಪ್ರಶ್ನೆ ಕೇಳಿದ ಮೇಲೆ ಸಾಮಾನ್ಯವಾಗಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಾರೆಂದೂ, ಮೂರು ಸೆಕೆಂಡು ಕಾದರೆ ಉತ್ತರಗಳು ದೀರ್ಘವೂ ಸಮರ್ಪಕವೂ ಆಗುತ್ತವೆಂದೂ, ಸುಮ್ಮನೆ ಕೂರುತ್ತಿದ್ದ ಮಕ್ಕಳೂ ಬಾಯಿಬಿಡುತ್ತಾರೆಂದೂ ತೋರಿಸಿದರು. ಎರಡೇ ಸೆಕೆಂಡಿನ ವ್ಯತ್ಯಾಸ! ಹಾಡಿನಲ್ಲಿ ಎರಡು ಸೆಕೆಂಡು ಕಾದರೆ ಮೇಳವು ಸತ್ತಿತು; ಪಾಠದಲ್ಲಿ ಎರಡು ಸೆಕೆಂಡು ಕಾದರೆ ಮಗು ಬದುಕಿತು. ಎಲ್ಲಿ ಕಾಯಬಾರದು, ಎಲ್ಲಿ ಕಾಯಲೇಬೇಕು ಎಂಬ ತಾರತಮ್ಯವು ಯಾವ ಯಂತ್ರದೊಂದಿಗೂ ಕೊಂಡು ತರುವಂಥದಲ್ಲ.

ದೂರದವರೊಂದಿಗೆ ಕೂಡಿ ಹಾಡುವ ಸಲಕರಣೆಗಳು ಮುಂದೆ ಇನ್ನೂ ಚುರುಕಾಗಲಿ. ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಮಕ್ಕಳು ತಮ್ಮತಮ್ಮ ಶಾಲೆಯಲ್ಲಿಯೇ ಕುಳಿತು ಒಂದೇ ಪದವನ್ನು ಒಂದೇ ಲಯದಲ್ಲಿ ಹಾಡುವಂತಾಗಲಿ. ತಂತಿಯನ್ನು ಸಿಕ್ಕಿಸುವುದೂ ಕಂತೆಯನ್ನು ಕಿರಿದುಮಾಡುವುದೂ ಒಂದು ಮಧ್ಯಾಹ್ನದಲ್ಲಿ ಕಲಿಯುವ ವಿದ್ಯೆ. ಬುಟ್ಟಿಯ ಗಾತ್ರವನ್ನು ಗೊತ್ತುಮಾಡುವಾಗ ಮಾತ್ರ, ಮೇಳದಲ್ಲಿ ಎಲ್ಲರಿಗಿಂತ ದುರ್ಬಲವಾದ ಸಂಪರ್ಕ ಯಾರದೆಂದು ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು. ಅವನ ದನಿಯೂ ತುಂಡಾಗದಂತೆ, ಹಾಡೂ ನಿಲ್ಲದಂತೆ ಎಷ್ಟು ಕಾಯಬಹುದೋ ಅಷ್ಟು ಕಾಯುವುದೇ ಕೂಡಿ ಹಾಡುವವರ ಧರ್ಮ.